ಮೂರ್ಛೆ ಹೋಗಲು ಜಾಗವಿಲ್ಲದ ಗಾಡಿ

ಇದು ಶುರುವಾದದ್ದು ಧನುರ್ಮಾಸದಲ್ಲಿ, ಅವರೆಕಾಯಿಗೆ ಸೊಗಡು ಹತ್ತಿದ್ದ ಕಾಲದಲ್ಲಿ. ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಟೀ ಮಾರುವವನ ದನಿ ಕೇಳಿಸಿ ಮುಖ ಇನ್ನೂ ಕಾಣಿಸದಿರುವ ಬೆಳಗಿನ ಹೊತ್ತು. ಹೆಂಗಸರೆಲ್ಲ ಸೆರಗನ್ನು ಕಿವಿಗೆ ಸುತ್ತಿಕೊಂಡು ಲೇಡೀಸ್ ಡಬ್ಬಿಯಲ್ಲಿ ಕೂತಿದ್ದರು. ಗಾಡಿ ಹೊರಡುವ ಊರಿನಲ್ಲೇ ಹತ್ತಿದರೂ ನನಗೆ ಸೀಟು ಸಿಗುವುದಿಲ್ಲ. ಸೀಟು ಹಿಡಿಯುವಷ್ಟು ಬೇಗ ನಡೆಯುವ ಕಾಲು ಈಗಿಲ್ಲ. ಅವರೆಕಾಯಿ ಮೂಟೆಯನ್ನು ಬಾಗಿಲ ಹತ್ತಿರ ಇಳಿಸಿ ಅದರ ಪಕ್ಕ ಕಾಲು ಚಾಚಿ ಕೂತೆ.

ನನ್ನ ತಮ್ಮನ ಹೊಲ ಕ್ಯಾಸಂಬಳ್ಳಿ ಕಡೆ ಇದೆ. ಅವನು ಸಂಜೆ ಬೈಕಿನಲ್ಲಿ ಮೂಟೆ ತಂದು ಚಿನ್ನದ ಗಣಿ ಪಕ್ಕದ ಮೈಸೂರು ಮೈನ್ಸಿನ ನಮ್ಮ ಮನೆಯ ಮುಂದೆ ಹಾಕಿಹೋಗುತ್ತಾನೆ. ಬೆಳಿಗ್ಗೆ ನಾನು ಅದನ್ನು ಬಂಗಾರಪೇಟೆಗೆ ಒಯ್ದು ಮಾರುತ್ತೇನೆ. ಸುಲಿದ ಕಾಳಿಗೆ ಗಿರಾಕಿ ಜಾಸ್ತಿ. ಅದಕ್ಕೇ ಡಬ್ಬಿಯಲ್ಲಿ ಕೂತವರ ಮಡಿಲಿಗೆ ಒಂದೊಂದು ಬೊಗಸೆ ಕಾಯಿ ಹಾಕುವುದು ನನ್ನ ಹಳೆಯ ಪದ್ಧತಿ. ಸುಲಿದವರು ತಮಗೊಂದು ಹಿಡಿ ಇಟ್ಟುಕೊಂಡು ಮಿಕ್ಕಿದ್ದನ್ನು ನನ್ನ ತಟ್ಟೆಗೆ ಹಾಕುತ್ತಾರೆ. ಸರ್ಕಾರದ ಗಾಡಿ, ಪರರ ಕೈ, ನನ್ನ ವ್ಯಾಪಾರ.

ಆವತ್ತು ರಾಧಾಮಣಿ ಕೂತಲ್ಲೇ "ಅಯ್ಯಯ್ಯೋ" ಅಂದಳು. ಬೆಂಗಳೂರಿನ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿ, ಕೈಯಲ್ಲಿ ಪುಸ್ತಕವಿತ್ತು.

"ಏನಾಯ್ತೇ?" ಎಂದಳು ಎದುರಿಗೆ ಕೂತಿದ್ದ ಅಮ್ಮಾಜಮ್ಮ. ಗಾರೆ ಕೆಲಸದವಳು; ಅವಳ ದನಿಗೆ ಗಾಡಿಯ ಸದ್ದು ಅಡ್ಡ ಬರುವುದಿಲ್ಲ.

"ಕೊಲೆ ಆಗೋಯ್ತು ಅಕ್ಕ."

"ಎಲ್ಲೇ? ಚಾಂಪಿಯನ್ ಸ್ಟೇಷನ್ನಾಗಾ?"

"ಪುಸ್ತಕದಾಗೆ."

"ಅಂಗಾದ್ರೆ ಜೋರಾಗಿ ಓದು. ಒಬ್ಬಳೇ ತಿನ್ನೋಕೆ ಅದೇನು ಕಡ್ಲೆಕಾಯಾ?"

ಅಂದಿನಿಂದ ಓದು ಶುರುವಾಯಿತು. ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗೆ ಮಾತ್ರ. ಅದು ದಾಟಿದರೆ ನೂಕುನುಗ್ಗಲು, ಪುಸ್ತಕ ಬಿಡಿಸುವುದಿರಲಿ, ಮೂಗು ತುರಿಸಿಕೊಳ್ಳಲೂ ಕೈ ಮೇಲೆ ಬರುವುದಿಲ್ಲ.

ನಾನು ಎರಡನೇ ಕ್ಲಾಸು ಓದಿದವಳು. ಅಕ್ಷರ ಕೂಡಿಸಬಲ್ಲೆ, ಆದರೆ ಒಂದು ಸಾಲು ಕೂಡಿಸುವಷ್ಟರಲ್ಲಿ ಕೊಲೆ ಮಾಡಿದವನು ಊರು ಬಿಟ್ಟು ಹೋಗಿರುತ್ತಾನೆ. ಆದ್ದರಿಂದ ಕೇಳುವವರ ಗುಂಪಿನಲ್ಲೇ ಉಳಿದೆ.

ಡಬ್ಬಿಯಲ್ಲಿ ಎರಡು ಕಡೆ. ಈ ಕಡೆ ನಾವು, ಹಳ್ಳಿಗಳ ಕನ್ನಡದವರು, ತೆಲುಗಿನವರು. ಆ ಕಡೆ ಗಣಿಯ ಕೂಲಿ ಲೈನು ಮನೆಗಳ ತಮಿಳು ಹೆಂಗಸರು. ಸಂತೆಗೆ, ಜಗಳಕ್ಕೆ ಬೇಕಾದ ಕನ್ನಡ ಅವರಿಗೂ ಚೆನ್ನಾಗಿಯೇ ಬರುತ್ತದೆ. ಪುಸ್ತಕದ ಕನ್ನಡ ಬೇರೆ. 'ಅವಳ ನೇತ್ರಗಳು ಸಜಲವಾದವು' ಎಂದು ರಾಧಾಮಣಿ ಓದಿದಾಗ ಈ ಕಡೆಯವರೇ ಮುಖ ಮುಖ ನೋಡಿಕೊಂಡೆವು. ಅದಕ್ಕೇ ನಡುವೆ ಮರಗದಂ ಕೂತಳು. ಬೆಂಗಳೂರಿನ ಆಫೀಸೊಂದರಲ್ಲಿ ಕಸ ಗುಡಿಸುವ ಕೆಲಸ, ಓದಿದ್ದು ಕನ್ನಡ ಇಸ್ಕೂಲು, ಮನೆ ಮಾತು ತಮಿಳು. ರಾಧಾಮಣಿ ಒಂದು ಪುಟ ಓದಿ ನಿಲ್ಲಿಸುವಳು. ಮರಗದಂ ಆ ಕಡೆ ತಿರುಗಿ ಅದನ್ನು ತಮಿಳಿನಲ್ಲಿ ಹೇಳುವಳು.

ಇದೆಲ್ಲ ಹೊತ್ತು ಕಳೆಯುವ ಸಂಗತಿಯಾಗಿತ್ತು, ಗಿರಿ ಬಾಯಿ ಬಿಡುವವರೆಗೆ.

ಗಿರಿ ಬಂಗಾರಪೇಟೆಯವನು. ನಮ್ಮ ಪಕ್ಕದ ಮನೆಯ ಸುಮಿತಾಳಿಗೆ ಅವನನ್ನು ಗೊತ್ತು ಮಾಡಿ ಹೂ ಮುಡಿಸುವ ಶಾಸ್ತ್ರವೂ ಆಗಿತ್ತು. ಶಿವರಾತ್ರಿ ಕಳೆದ ಮೇಲೆ ಲಗ್ನ. ಇಬ್ಬರೂ ಒಂದೇ ಗಾಡಿಯಲ್ಲಿ ಬೆಂಗಳೂರಿಗೆ ಹೋಗುವವರು, ಅವನು ಗಂಡಸರ ಡಬ್ಬಿಯಲ್ಲಿ. ಗಾಡಿ ಬಂಗಾರಪೇಟೆಯಲ್ಲಿ ನಿಂತಾಗ ಅವಳ ಕಿಟಕಿಯ ಹತ್ತಿರ ಬಂದು ಮಾತಾಡಿಸುತ್ತಿದ್ದ. ಸುಮಿತಾ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು. ಸಂಕ್ರಾಂತಿ ಆದಮೇಲೆ ಅವಳನ್ನು ಸೂಪರ್‌ವೈಸರ್ ಮಾಡುವುದಾಗಿ ಹೇಳಿದ್ದರು. ಆ ಸಂತೋಷವನ್ನು ಅವಳು ಮೊದಲು ಹೇಳಿದ್ದು ಗಿರಿಗೆ. ವಯಸ್ಸಿನ ತಪ್ಪು.

"ಸೂಪರ್‌ವೈಸರ್ರಾ?" ಎಂದ ಗಿರಿ. "ಲಗ್ನ ಆದ್ಮೇಲೆ ಗಾಡಿ ಅತ್ತೋದೇ ಬೇಡ. ಮನೇಲೇ ಒಂದು ಮಿಷನ್ ಆಕ್ಕೊಡ್ತೀನಿ, ಬ್ಲೌಸ್ ಒಲ್ಕೊಂಡಿರು."

"ಮಿಷನ್ನಿನ ಒಂದು ಲೈನ್ ಪೂರಾ ನನ್ ಕೈಗೆ ಕೊಡ್ತಾರೆ ಗಿರಿ."

"ಅದೇ ನಾನೂ ಏಳೋದು. ಅಷ್ಟು ಜನದ ಮೇಲೆ ದರ್ಬಾರ್ ಮಾಡಿ ಬಂದೋಳು ಮನೇಲಿ ನನ್ ಮಾತು ಕೇಳ್ತೀಯಾ?"

ಅಮ್ಮಾಜಮ್ಮ ಕಿಟಕಿಯ ಸರಳಿಗೆ ಮುಖ ಒತ್ತಿದಳು. "ಯಾಕ್ಲಾ ಗಿರಿ, ತಾಳಿ ಕಟ್ಟಿಸ್ಕೊಂಡೋಳು ಕೆಲಸಕ್ಕೋದ್ರೆ ಏನಾಗ್ತದೆ?"

"ಸಂಸಾರ ಆಗಲ್ಲ ಅತ್ತೆ. ನೀವೇ ಓದ್ತೀರಲ್ಲ ಪತ್ತೇದಾರಿ, ಅದ್ರಾಗೇ ನೋಡಿ. ಪಿಸ್ತೂಲು ಇಡ್ದೋಳೂ ಕೊನೇಗೆ ಸೌಟೇ ಇಡೀತಾಳೆ. ನಿಜದಾಗೆ ಬೇಡ, ಕತೇಲಾದ್ರೂ ಒಬ್ಬಳನ್ನ ತೋರ್ಸಿ, ಮದ್ವೆ ಆಗೂ ಕೆಲಸ ಬಿಡ್ದೋಳನ್ನ. ಆಮೇಲೆ ನಾನು ತುಟಿ ಬಿಚ್ಚಲ್ಲ. ಇವಳು ಬೇಕಾದ್ರೆ ಕಲೆಕ್ಟರ್ ಆಗ್ಲಿ."

"ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದಳು ಅಮ್ಮಾಜಮ್ಮ.

ಎಲ್ಲರೂ ಕೇಳಿಸಿಕೊಂಡರು. ಡಬ್ಬಿಯ ತುಂಬ ಇದ್ದವರು ಕತ್ತಿನಲ್ಲಿ ತಾಳಿ, ಕೈಯಲ್ಲಿ ಟಿಫನ್ ಬಾಕ್ಸು ಹಿಡಿದು ಕೆಲಸಕ್ಕೆ ಹೊರಟವರೇ. ಅಮ್ಮಾಜಮ್ಮ ಗಂಡನ ಮನೆಗೆ ಬಂದ ವರ್ಷದಿಂದ ಗಾರೆ ಬಾಣಲಿ ಹೊತ್ತವಳು. ಆದರೆ ಗಿರಿಯ ಕಣ್ಣಿಗೆ ನಾವ್ಯಾರೂ ಬೀಳಲಿಲ್ಲ. ನಾವು ಹೊಟ್ಟೆಪಾಡಿಗೆ ಹೋಗುವವರು, ಅದು ಲೆಕ್ಕಕ್ಕಿಲ್ಲ. ಅವನಿಗೆ ಅಚ್ಚಾದ ಹೆಂಗಸೇ ಬೇಕು.

ಸುಮಿತಾ ಹುಡುಗನನ್ನು ಇಷ್ಟಪಟ್ಟೇ ಒಪ್ಪಿದ್ದಳು. ಕೆಲಸವೂ ಬೇಕು, ಅವನೂ ಬೇಕು. ಅವಳು ರಾಧಾಮಣಿಯ ಕೈ ಹಿಡಿದುಕೊಂಡು, "ಎಲ್ಲಾದ್ರೂ ಇರ್ತಾಳೆ ಕಣೇ ಅಂಥೋಳು. ಉಡ್ಕೋಣ," ಎಂದಳು.

ಭಾನುವಾರ ಇಬ್ಬರೂ ರಾಬರ್ಟ್‌ಸನ್‌ಪೇಟೆಯ ಹಳೇ ಪುಸ್ತಕದ ಅಂಗಡಿಗೆ ಹೋದರು. ಅಂಗಡಿಯವನಿಗೆ, ಹೆಂಗಸೇ ಪತ್ತೇದಾರಿ ಮಾಡುವಂಥ, ಹೆಂಗಸು ಗಟ್ಟಿಯಾಗಿರುವಂಥ ಕಾದಂಬರಿ ಬೇಕು ಎಂದರು. ಅವನು ಬಹಳ ಯೋಚಿಸಿ ದೇವಿಯ ಮಹಿಮೆಯ ಪುಸ್ತಕ ಕೊಟ್ಟ. ಇದಲ್ಲ ಅಣ್ಣ, ಮನುಷ್ಯಳು ಬೇಕು ಎಂದದ್ದಕ್ಕೆ ಬಾಣಂತಿಯ ಆರೈಕೆಯ ಪುಸ್ತಕ ತೆಗೆದ. ಕೊನೆಗೆ, "ನೀವೇ ಉಡ್ಕೊಳ್ಳಿ ತಾಯಿ," ಎಂದು ಗೋಣಿಚೀಲ ಬಗ್ಗಿಸಿ ಎದುರಿಗೆ ಸುರಿದ. ಧೂಳಿಗೆ ಸೀನುತ್ತ ಸೀನುತ್ತ ಒಂದಷ್ಟು ಆರಿಸಿಕೊಂಡು ಬಂದರು.

ಮೊದಲನೆಯ ಪುಸ್ತಕದವಳು ಸ್ಕೂಟರ್ ಓಡಿಸುತ್ತಿದ್ದಳು, ಇಂಗ್ಲಿಷು ಮಾತಾಡುತ್ತಿದ್ದಳು, ಕತ್ತಲೆಯಲ್ಲಿ ಗೋಡೆ ಹಾರುತ್ತಿದ್ದಳು. ಅರ್ಧ ಪುಸ್ತಕದವರೆಗೆ ಅಂಜಿಕೆ ಎಂಬುದೇ ಇಲ್ಲ. ಆಮೇಲೆ ಒಬ್ಬ ಇನ್ಸ್‌ಪೆಕ್ಟರ್ ಬಂದ. ಅವನು ಬಂದ ಪುಟದಿಂದ ಅವಳಿಗೆ ಜಿರಲೆ ಕಂಡರೂ ಹೆದರಿಕೆ. ಇಬ್ಬರಿಗೂ ಮದುವೆಯಾಗಿ ಸ್ಕೂಟರ್ ಮಾರಿದರು. ಎರಡನೆಯವಳು ವಿಷ ಹಾಕಿದವನನ್ನು ವಾಸನೆಯಲ್ಲೇ ಹಿಡಿದಳು, ಆದರೆ ಅವಳು ವಿಧವೆ. ಕೊಲೆಗಾರ ಸಿಕ್ಕಿದ ಕೂಡಲೇ ಕಾಶಿಗೆ ಹೋದಳು. ಪತ್ತೆ ಮಾಡಿದ್ದು ಅಷ್ಟು ದೊಡ್ಡ ಪಾಪವೇನೋ. ಮೂರನೆಯದರಲ್ಲಿ ಎಲ್ಲವೂ ಚೆನ್ನಾಗಿತ್ತು. ಕೊನೆಯ ಪುಟದಲ್ಲಿ ಅವಳು ಎದ್ದು ಕೂತಳು, ಅಷ್ಟೂ ಕನಸಂತೆ.

"ಬರ್ದೋನ್ ಮನೇಲಿ ಎಣ್ಮಕ್ಳೇ ಇಲ್ವಾ?" ಎಂದು ಅಮ್ಮಾಜಮ್ಮ ಸಿಪ್ಪೆಯನ್ನು ಕಿಟಕಿಯಿಂದ ಆಚೆ ಎಸೆದಳು.

"ಇರ್ತಾರೆ ಅಕ್ಕ. ಒಳಗಡೆ ಕಾಫಿ ಕಾಯಿಸ್ತಾ ಇರ್ತಾರೆ," ಎಂದಳು ರಾಧಾಮಣಿ.

ಈ ಹೊತ್ತಿಗೆ ನನಗೊಂದು ಅನುಮಾನ ಬಂದಿತ್ತು. ಅನುಮಾನ ಬರಿಸಿದ್ದು ಅವರೆಕಾಳು.

ಕತೆಗೂ ಕೈಗೂ ಸಂಬಂಧವಿದೆ. ಕೊಲೆಗಾರ ಬಾಗಿಲ ಹಿಂದೆ ನಿಂತಾಗ ಕಾಯಿ ಸರಸರನೆ ಸುಲಿದು ಬೀಳುತ್ತದೆ. ನಾಯಕಿ ದಿಂಬಿಗೆ ಮುಖ ಒತ್ತಿ ಅಳುವಾಗ ಕೈ ನಿಂತುಹೋಗುತ್ತದೆ. ಈ ಕಡೆಯ ತಟ್ಟೆ ಬಂಗಾರಪೇಟೆ ಬರುವ ಹೊತ್ತಿಗೆ ಅರ್ಧವೂ ಆಗುತ್ತಿರಲಿಲ್ಲ. ಆ ಕಡೆಯ ತಟ್ಟೆ ದಿನವೂ ತುಂಬಿ ಚೆಲ್ಲುತ್ತಿತ್ತು. ಒಂದೇ ಗಾಡಿ, ಒಂದೇ ಪುಸ್ತಕ, ನನ್ನ ತಮ್ಮನ ಹೊಲದ್ದೇ ಕಾಯಿ. ಆ ಕಡೆಯವರಿಗೆ ಮಾತ್ರ ಅಳುವ ಪುಟ ಬರುವುದೇ ಇಲ್ಲವೇ?

ಮಾರನೇ ದಿನ ಮೂಟೆಯನ್ನು ಸ್ವಲ್ಪ ಆ ಕಡೆಗೆ ಎಳೆದುಕೊಂಡು ಕೂತೆ. ಗಣಿಯ ಲೈನಿನಲ್ಲಿ ಬೆಳೆದವಳಿಗೆ ತಮಿಳು ಕಲಿಸಬೇಕೇ. ಈ ಕಿವಿಯಲ್ಲಿ ರಾಧಾಮಣಿ ಓದುತ್ತಿದ್ದಳು: ನಾಯಕಿಗೆ ಕೈ ನಡುಗಿತು, ಪಿಸ್ತೂಲು ಕೆಳಗೆ ಬಿತ್ತು, ಇನ್ಸ್‌ಪೆಕ್ಟರ್ ಬಂದು ಕಾಪಾಡಿದ. ಆ ಕಿವಿಯಲ್ಲಿ ಮರಗದಂ ಹೇಳುತ್ತಿದ್ದಳು: ಅವಳು ಬೇಕೆಂದೇ ಪಿಸ್ತೂಲು ಕೆಳಗೆ ಹಾಕಿದಳು, ಎತ್ತಿಕೊಳ್ಳಲು ಬಗ್ಗಿದವನ ಬೆನ್ನಿಗೆ ಒದ್ದಳು, ಇನ್ಸ್‌ಪೆಕ್ಟರ್ ಆಮೇಲೆ ಬಂದು ಟೀ ಕುಡಿದು ಹೋದ.

ನಾನು ಆ ಕಡೆಯವರ ಮಡಿಲಿಗೆ ಇನ್ನೊಂದೊಂದು ಬೊಗಸೆ ಕಾಯಿ ಹಾಕಿದೆ. ತಟ್ಟೆ ತುಂಬುತ್ತಿತ್ತು.

ಕೊನೆಗೆ ಉಳಿದದ್ದು ಒಂದು ಹಳದಿ ಅಟ್ಟೆಯ ಪುಸ್ತಕ. ಅದರ ನಾಯಕಿ ವಿಮಲಾಕ್ಷಿ, ಪೇಪರಿನ ಆಫೀಸಿನಲ್ಲಿ ಕೆಲಸ ಮಾಡುವವಳು, ಜಮೀನುದಾರನ ಮನೆಯ ಕೊಲೆಯನ್ನು ಪತ್ತೆ ಮಾಡಲು ಹೊರಟವಳು. ಪುಸ್ತಕ ದಪ್ಪವಿತ್ತು, ಮುಗಿಯುವ ಹೊತ್ತಿಗೆ ಸಂಕ್ರಾಂತಿ ಕಳೆಯಿತು. ವಿಮಲಾಕ್ಷಿ ಒಂದು ಸಲವೂ ಅಳದೆ ಕೊನೆಯ ಅಧ್ಯಾಯದ ಹತ್ತಿರ ಬಂದಿದ್ದಳು. ಸುಮಿತಾ ಉಗುರು ಕಚ್ಚುತ್ತಿದ್ದಳು. ಅವಳ ಕೈಗೆ ಸೂಪರ್‌ವೈಸರ್ ಕೆಲಸದ ಕಾಗದ ಬಂದಾಗಿತ್ತು. ಆ ವಾರದಲ್ಲಿ ಹೂಂ ಅನ್ನಬೇಕು, ಇಲ್ಲ ಅನ್ನಬೇಕು.

ಗಾಡಿ ಕೋರಮಂಡಲ್ ಸ್ಟೇಷನ್ ದಾಟಿತು. ರಾಧಾಮಣಿ ಓದಿದಳು: "ಕೊಲೆಗಾರನನ್ನು ಕಂಡೊಡನೆ ವಿಮಲಾಕ್ಷಿಯು ಚೀತ್ಕರಿಸಿ ಮೂರ್ಛೆ ಹೋದಳು."

ಈ ಕಡೆ ಒಬ್ಬರ ಕೈಯೂ ಆಡಲಿಲ್ಲ.

ಉಳಿದದ್ದನ್ನು ರಾಧಾಮಣಿ ತೇವ ಆರಿದ ದನಿಯಲ್ಲಿ ಓದಿ ಮುಗಿಸಿದಳು. ಇನ್ಸ್‌ಪೆಕ್ಟರ್ ಬಂದ, ಹಿಡಿದ, ವಿವರಿಸಿದ. ವಿಮಲಾಕ್ಷಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಅವನ ಮನೆಯ ದೀಪವಾದಳು. ಪುಸ್ತಕ ಮುಚ್ಚಿದಳು. ಸುಮಿತಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಆಗ ಆ ಕಡೆಯಿಂದ ಚಪ್ಪಾಳೆ. ಒಬ್ಬಳು ಶಿಳ್ಳೆಯನ್ನೂ ಹಾಕಿದಳು.

ಅಮ್ಮಾಜಮ್ಮ ಎದ್ದು ನಿಂತಳು. "ಏನ್ರೇ ಅದು? ಇಲ್ಲಿ ಅವಳ ಮನೆ ಮುಳುಗೋಗೈತೆ, ನಿಮಗೆ ಅಬ್ಬಾನಾ?"

"ಯಾಕಕ್ಕ? ಇನ್ಸ್‌ಪೆಕ್ಟರೇ ಕೊಲೆಗಾರ ಅಂತ ಕಂಡಿಡ್ದು ಜೈಲಿಗೆ ಆಕಿದ್ಲಲ್ಲ, ಚಪ್ಪಾಳೆ ತಟ್ಬಾರ್ದಾ?" ಎಂದಳು ಶಿಳ್ಳೆ ಹಾಕಿದವಳು. "ಮೂರ್ಛೆ ಬಂದಂಗೆ ನಟಿಸಿದ್ಲು ನೋಡಕ್ಕ, ಏನ್ ಬುದ್ಧಿ! ಜೊತೆ ಕೆಲಸದೋನ್ನ ಮದ್ವೆ ಆದ ಮಾರ್ನೇ ದಿನವೇ ಆಫೀಸಿಗೋದ್ಲು."

ಎಲ್ಲರೂ ಮರಗದಂ ಕಡೆ ತಿರುಗಿದರು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಬುಕ್ಕಿನಾಗೆ ಅಂಗಿಲ್ಲ," ಎಂದಳು ರಾಧಾಮಣಿ.

"ಇಲ್ಲ ಮಾ, ಗೊತ್ತು," ಎಂದಳು ಮರಗದಂ. "ಇವರೆಲ್ಲ ಮೂರೂವರೆಗೆ ಎದ್ದು ನೀರಿಡ್ದು, ಸೋರು ಬೇಯ್ಸಿ ಟಿಫನ್ನಿಗೆ ಆಕ್ಕೊಂಡು ಓಡಿ ಬಂದವ್ರೆ. ಅವರ ಮುಖ ನೋಡ್ಕೊಂಡು ಅವಳು ಮೂರ್ಛೆ ಓದ್ಲು ಅಂತ ಎಂಗೇಳ್ಲಿ? ಈ ಗಾಡೀಲಿ ಮೂರ್ಛೆ ಓಗೋಕೆ ಜಾಗ ಎಲ್ಲೈತೆ?"

ಮೂರ್ಛೆಯ ಮಾತಿಗೆ ನನಗೆ ಹಳೆಯದು ನೆನಪಾಯಿತು. ಗಣಿ ನಡೆಯುತ್ತಿದ್ದಾಗ ಒಳಗೆ ಬಂಡೆ ಬಿದ್ದು ಸೈರನ್ ಕೂಗಿದರೆ ಲೈನಿನ ಹೆಂಗಸರೆಲ್ಲ ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ನನ್ನ ಅಮ್ಮ ಓಡಿದ್ದನ್ನು ಕಂಡಿದ್ದೇನೆ, ಆಮೇಲೆ ನಾನೂ ಓಡಿದ್ದೇನೆ. ಅಲ್ಲಿ ಯಾರೂ ಮೂರ್ಛೆ ಹೋದದ್ದು ನೆನಪಿಲ್ಲ. ಹೋದವರ ಪಾಡಿಗೆ ಹೋದವರು, ಮಾರನೇ ವಾರ ಹೆಂಡತಿ ಯಾವುದಾದರೂ ಕೆಲಸಕ್ಕೆ. ನಮ್ಮ ಸಂಸಾರಗಳು ಇನ್ಸ್‌ಪೆಕ್ಟರಿಗಾಗಿ ಕಾದಿದ್ದರೆ ಆಗಲೇ ಮುಗಿದಿರುತ್ತಿದ್ದವು.

ಅಮ್ಮಾಜಮ್ಮ ಯೋಚಿಸಿ ತೀರ್ಪು ಕೊಟ್ಟಳು. "ಗಿರಿ ಏನಂದ? ಕತೇಲಾದ್ರೂ ತೋರ್ಸಿ ಅಂದ. ಪುಸ್ತಕದಾಗೆ ಅಂತ ಅಂದ್ನಾ? ಮರಗದಂ ಏಳಿದ್ದು ಕತೆ ಅಲ್ದೆ ಕಡುಬಾ?"

ಬಂಗಾರಪೇಟೆ ಬಂತು. ಗಿರಿ ಕಿಟಕಿಯ ಹತ್ತಿರ ಬರುವ ಮುಂಚೆಯೇ ಅಮ್ಮಾಜಮ್ಮ ಕೂಗಿದಳು. "ಸಿಕ್ಕಿದ್ಲು ಕಣ್ಲಾ! ಮದ್ವೆ ಆಗಿ ಮಾರ್ನೇ ದಿನ ಕೆಲಸಕ್ಕೋದೋಳು!"

"ಎಲ್ಲಿ, ಪುಸ್ತಕ ಕೊಡಿ."

ರಾಧಾಮಣಿ ಕೊಡಲಿಲ್ಲ. ಸುಮಿತಾ ಅವಳ ಮಡಿಲಿನಿಂದ ತೆಗೆದು ತಾನೇ ಕೊಟ್ಟಳು. ಯಾಕೆ ಕೊಟ್ಟಳೋ ಎಂದು ಅಮ್ಮಾಜಮ್ಮ ತಲೆ ಚಚ್ಚಿಕೊಂಡಳು. ಗಿರಿ ಅವತ್ತು ಗಾಡಿ ಹತ್ತಲೇ ಇಲ್ಲ. ಕೆಲಸಕ್ಕೆ ರಜೆ ಹಾಕಿ ಪುಸ್ತಕ ಓದಲು ಮನೆಗೆ ಹೋದ. ಹೆಂಗಸು ಕೆಲಸ ಬಿಡುತ್ತಾಳೋ ಇಲ್ಲವೋ ತಿಳಿಯಲು ಗಂಡಸೊಬ್ಬ ಕೆಲಸ ಬಿಟ್ಟು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅವನ ತಾಯಿ ಅಕ್ಕಯ್ಯಮ್ಮ ನನ್ನ ಗಿರಾಕಿ. ಸುಲಿದ ಅವರೆಕಾಳು ಅವಳಿಗೆ ದಿನವೂ ಬೇಕು, ಜೊತೆಗೆ ಕತೆಯೂ ಬೇಕು. ಪಾವು ತುಂಬಿಸುವಾಗ, "ಆಮೇಲೇನಾಯ್ತು?" ಎಂದು ಕೇಳುವಳು. ಬಾಗಿಲ ಹತ್ತಿರ ಕೂತವಳಿಗೆ ಎರಡೂ ಕಡೆಯ ಕತೆ ಕೇಳಿಸುತ್ತಿತ್ತಲ್ಲ, ನಾನು ಮರಗದಂ ಕತೆಯನ್ನೇ ಹೇಳುತ್ತಿದ್ದೆ. ಕಾಳು ಕೊಡುವಾಗ ಒಳ್ಳೆಯದನ್ನು ನೋಡಿ ಕೊಡುವುದು ವ್ಯಾಪಾರದ ಧರ್ಮ.

ಅವತ್ತು ಅವಳ ಮನೆ ಬಾಗಿಲಿಗೆ ಹೋಗಿ ಕೊನೆಯ ಅಧ್ಯಾಯವನ್ನೂ ಹೇಳಿ ಮುಗಿಸುವ ಹೊತ್ತಿಗೆ ಗಿರಿ ಜಗಲಿಯ ಮೇಲೆ ಕೂತು ಕೊನೆಯ ಪುಟದಲ್ಲಿ ಬೆರಳಿಟ್ಟಿದ್ದ. ಮುಖ ಅರಳಿತ್ತು.

"ಅಮ್ಮ, ನೋಡು ಈ ಗಾಡಿ ಎಂಗಸರ ಸುಳ್ಳ. ವಿಮಲಾಕ್ಷಿ ಕೆಲಸ ಬಿಟ್ಳು, ಇಲ್ಲೇ ಬರ್ದೈತೆ."

"ಯಾರು, ನಮ್ ವಿಮಲಾಕ್ಷಿನಾ?" ಎಂದಳು ಅಕ್ಕಯ್ಯಮ್ಮ. "ಓಗಲಾ. ಅವಳು ಇನ್ಸ್‌ಪೆಕ್ಟರ್ನೇ ಒಳಗಾಕಿದೋಳು, ಕೆಲಸ ಬಿಡ್ತಾಳಾ?"

"ಅಚ್ಚಾಗೈತೆ ಅಮ್ಮ! ಓದ್ಲಾ?"

"ಅಚ್ಚಾಕಿದೋನು ತಪ್ಪಾಕವ್ನೆ. ಮೊನ್ನೆ ರೇಷನ್ ಕಾರ್ಡಿನಾಗೆ ನನ್ನೇ ಗಂಡಸು ಅಂತ ಅಚ್ಚಾಕಿರ್ಲಿಲ್ವಾ? ನೀನೇ ಓಗಿ ಸರಿ ಮಾಡಿಸ್ಕೊಂಡು ಬಂದೆ." ಆಮೇಲೆ ನನ್ನ ಕಡೆ ತಿರುಗಿ, "ನೀನೇಳಜ್ಜಿ, ಅವಳಿಗೆ ಟಿಫನ್ ಕಟ್ಕೊಡೋರು ಯಾರು ಈಗ?" ಎಂದಳು.

"ಅವಳ ಅತ್ತೆ ಕಟ್ಟಿಕೊಡ್ತಾಳೆ," ಎಂದೆ. ಇದು ಮರಗದಂ ಹೇಳಿದ್ದಲ್ಲ.

ಅಕ್ಕಯ್ಯಮ್ಮ, "ಕಟ್ಲಿ ಬಿಡು, ಅದೇನು ಬೆಟ್ಟ ಒರೋದಾ," ಎಂದು ಪಾತ್ರೆ ಒಡ್ಡಿದಳು. ಗಿರಿ ನಮ್ಮಿಬ್ಬರನ್ನೂ ನೋಡಿ ಪುಸ್ತಕವನ್ನು ಕಂಕುಳಿಗೆ ಸೇರಿಸಿ ಒಳಗೆ ಹೋದ. ಅವನಿಗೆ ಗೆಲ್ಲಬೇಕಿತ್ತು. ತಾಯಿ ಸೊಸೆಗೆ ಟಿಫನ್ ಕಟ್ಟಲು ಒಪ್ಪಿದ್ದು ಅವನ ಕಿವಿಗೆ ಬೀಳಲಿಲ್ಲ.

ಮಾರನೇ ದಿನ ಗಾಡಿ ನಿಲ್ಲುವುದಕ್ಕಿಲ್ಲ, ಗಿರಿ ಕಿಟಕಿಗೆ ಬಂದು ಪುಸ್ತಕ ಬಿಡಿಸಿ ಗಟ್ಟಿಯಾಗಿ ಓದಿದ. ರಾಜೀನಾಮೆ ಕೊಟ್ಟದ್ದನ್ನು ಓದಿದ, ದೀಪವಾದದ್ದನ್ನು ಎರಡು ಸಲ ಓದಿದ. ಪ್ಲಾಟ್‌ಫಾರಂನಲ್ಲಿ ಟೀ ಕುಡಿಯುತ್ತಿದ್ದವರೂ ಕೇಳಿಸಿಕೊಂಡರು. ಅಮ್ಮಾಜಮ್ಮ, "ನೀನು ಕತೇಲಿ ಅಂದಿದ್ದೆ," ಎಂದು ಶುರು ಮಾಡಿದಳು. ಸುಮಿತಾ ಅವಳ ಮೊಣಕೈ ಹಿಡಿದು ಕೂರಿಸಿದಳು.

"ಗೆದ್ದೆ ಗಿರಿ," ಎಂದಳು. "ಪುಸ್ತಕದಾಗೆ ನೀನೇಳ್ದಂಗೇ ಐತೆ. ನಿನ್ನೆ ನಾನೂ ಕೇಳಿಸ್ಕೊಂಡೇ ಕೊಟ್ಟಿದ್ದು."

"ಮತ್ತೆ? ಇವತ್ತೇ ಏಳ್ಬಿಡು ಫ್ಯಾಕ್ಟರೀಲಿ."

"ನಾನು ಸುಳ್ಳೇಳಿ ನಿನ್ನ ಒಪ್ಪಿಸ್ಬೋದಿತ್ತು. ಅಥವಾ ನೀನು ಕತೆ ಕೇಳಿ, ಓಗ್ಲಿ ಬಿಡು, ಕೆಲಸಕ್ಕೋಗು ಅನ್ಬೋದಿತ್ತು. ರಜಾ ಆಕಿ ಓದ್ದೆಯಲ್ಲ." ಅವಳು ಕಿಟಕಿಯ ಸರಳಿನ ನಡುವೆ ಒಂದು ಪೊಟ್ಟಣ ತೂರಿಸಿದಳು. "ವಿಮಲಾಕ್ಷಿನೇ ಕಟ್ಕೊ. ಕೆಲಸ ಬಿಟ್ಟವ್ಳೆ, ಎದುರು ಮಾತಾಡಲ್ಲ, ಶೆಲ್ಫಿನ ಮೇಲಿಟ್ರೆ ಇಟ್ಟಲ್ಲೇ ಇರ್ತಾಳೆ. ಈ ಸೀರೆ ಅವಳಿಗೇ ಉಡಿಸು."

ಹೂ ಮುಡಿಸುವ ದಿನ ಅವರ ಮನೆಯವರು ಕೊಟ್ಟ ಸೀರೆ. ಮಾರಿಕುಪ್ಪಂನಲ್ಲಿ ಗಾಡಿ ಹತ್ತುವಾಗಲೇ ಅದು ಅವಳ ಚೀಲದಲ್ಲಿ ಮಡಿಸಿ ಇಟ್ಟಿದ್ದನ್ನು ನಾನು ನೋಡಿದ್ದೆ. ಅವನು ಪುಸ್ತಕ ಬಿಡಿಸುವ ಮುಂಚೆಯೇ ತೀರ್ಮಾನ ಆಗಿತ್ತು. ಅವನು ಓದಿದ್ದು ಟೀ ಕುಡಿಯುವವರಿಗೆ.

ಗಾಡಿ ಕದಲಿತು. ಗಿರಿ ಒಂದು ಕೈಯಲ್ಲಿ ಸೀರೆ, ಒಂದು ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದ. ಸುಮಿತಾಳ ಕಣ್ಣು ತುಂಬಿತ್ತು. ಮಡಿಲಲ್ಲಿದ್ದ ಕಾಯಿಯನ್ನು ಮಾತ್ರ ಸುಲಿಯುತ್ತಲೇ ಇದ್ದಳು. ಗಲಾಟೆಯಲ್ಲಿ ನಾನು ಇಳಿಯುವುದನ್ನೇ ಮರೆತು ಟೇಕಲ್‌ವರೆಗೆ ಹೋದೆ. ಅವತ್ತಿನ ವ್ಯಾಪಾರ ಹಾಳಾಯಿತು.

ಸುಮಿತಾಳ ಮನೆಯಲ್ಲಿ ತಾಯಿ ಬಹಳ ಅತ್ತಳು. ನಮ್ಮ ಬೀದಿಯವರು ಬಂದು ಬಂದು ಸಮಾಧಾನ ಹೇಳಿ, ಸಮಾಧಾನ ಆಗದ ಹಾಗೆ ನೋಡಿಕೊಂಡರು. ಸುಮಿತಾ ಸೋಮವಾರದಿಂದ ಲೈನ್ ನೋಡಿಕೊಳ್ಳುತ್ತಿದ್ದಾಳೆ. ಗಾಡಿಯಲ್ಲಿ ಈಗ ಪುಸ್ತಕ ಓದುವುದಿಲ್ಲ; ರಾಧಾಮಣಿಯೂ ಮರಗದಂ ಎದುರು ಕೂತು ಅವಳ ಕತೆ ಕೇಳುತ್ತಾಳೆ. ಅವರೆಕಾಯಿ ಕಾಲ ಮುಗಿಯುತ್ತ ಬಂತು. ಅಕ್ಕಯ್ಯಮ್ಮ ಮಾತ್ರ ಪಾತ್ರೆ ಹಿಡಿದು ಬರುವುದನ್ನು ಬಿಟ್ಟಿಲ್ಲ. ಸಂಬಂಧ ಮುರಿದ ವಿಷಯ ಎತ್ತುವುದಿಲ್ಲ. "ವಿಮಲಾಕ್ಷಿ ಈಗ ಯಾರನ್ನ ಇಡ್ಕೊಟ್ಳು?" ಎಂದಷ್ಟೇ ಕೇಳುತ್ತಾಳೆ, ನಾನು ಹೇಳುತ್ತೇನೆ.

ಗಿರಿ ಈಗ ನಮ್ಮ ಗಾಡಿಗೆ ಬರುವುದಿಲ್ಲ, ಬಸ್ಸಿನಲ್ಲಿ ಹೋಗುತ್ತಾನಂತೆ. ಬಸ್ಸಿಗೆ ಲೇಡೀಸ್ ಡಬ್ಬಿ ಇಲ್ಲ.